ಬೆಲ್ಟು ಚಾಲನೆಯ ವೇಗಪರಿವರ್ತಕವನ್ನು ಹದಗೊಳಿಸುವ ಕ್ರಮ: ಬಾಲಕರ ಪಂದ್ಯದ ಕ್ವಾಡ್ ಬಂಡಿಯನ್ನು ಕುರಿತು ಒಂದು ವಿವೇಚನೆ

1. ಪ್ರವೇಶ

ಭೀಮಾ ನದಿಯ ದಂಡೆಯ ಮೇಲಿರುವ ದೇವಣಗಾಂವದಲ್ಲಿ ನಿಂತು, ಸಿಂದಗಿ ಮತ್ತು ಆಲಮೇಲಗಳ ಕಡೆಯಿಂದ ಬಂದು ಸೇತುವೆಯನ್ನು ದಾಟಿ ಅಫಜಲಪುರದ ಕಡೆಗೆ ಸಾಗುವ ವಾಹನಗಳನ್ನು ಒಂದು ಗಳಿಗೆ ಗಮನಿಸಿದರೆ, ಅವುಗಳಲ್ಲಿ ಗೇರಿಲ್ಲದ ಸ್ಕೂಟರುಗಳು ಕಡಿಮೆಯೇನೂ ಇರುವುದಿಲ್ಲ. ಹಾಲಿನ ಕ್ಯಾನು, ಮೇವಿನ ಹೊರೆ, ಶಾಲೆಗೆ ಹೋಗುವ ಮಕ್ಕಳು, ಇವೆಲ್ಲವನ್ನೂ ಹೊತ್ತ ಈ ಬಂಡಿ ನಿಂತಲ್ಲಿಂದ ಹೊರಡುವಾಗ ಕಿವಿಗೊಟ್ಟು ಕೇಳಿದವರಿಗೆ ಒಂದು ವಿಚಿತ್ರವಾದ ಸಂಗತಿ ಗೊತ್ತಾಗುತ್ತದೆ. ಮೊದಲು ಎಂಜಿನಿನ ಸ್ವರ ಏರುತ್ತದೆ. ಬಳಿಕ ಆ ಸ್ವರ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆದರೆ ಬಂಡಿಯ ವೇಗ ಮಾತ್ರ ಏರುತ್ತಲೇ ಹೋಗುತ್ತದೆ. ಗೇರುಳ್ಳ ಮೋಟಾರು ಸೈಕಲ್ಲಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಸ್ವರವು ಏರುತ್ತದೆ, ಗೇರು ಬದಲಾದೊಡನೆ ಇಳಿಯುತ್ತದೆ, ಮತ್ತೆ ಏರುತ್ತದೆ. ಎಂಜಿನು ಒಂದೇ ಗತಿಯಲ್ಲಿ ತಿರುಗುತ್ತಿರುವಾಗ ಚಕ್ರವು ಹೆಚ್ಚು ಹೆಚ್ಚು ವೇಗವಾಗಿ ತಿರುಗುವುದು ಹೇಗೆ? ಈ ಪ್ರಶ್ನೆಯೇ ಪ್ರಸ್ತುತ ಲೇಖನದ ಮೂಲ.

ನಾವು ಇಲ್ಲಿ ವಿವೇಚಿಸಲಿರುವ ಯಂತ್ರವು ಸ್ಕೂಟರಿನದೇ ಆದರೂ, ಅದನ್ನು ಇನ್ನೊಂದು ಬಂಡಿಯಲ್ಲಿಟ್ಟು ನೋಡಬೇಕೆಂದಿದ್ದೇವೆ. ಅಮೆರಿಕ ಮತ್ತು ಯೂರೋಪು ಖಂಡಗಳಲ್ಲಿ ಬಾಲಕರಿಗಾಗಿ ಕ್ವಾಡ್ ಎಂಬ ನಾಲ್ಕು ಗಾಲಿಯ ಚಿಕ್ಕ ಬಂಡಿಗಳ ಪಂದ್ಯಗಳು ನಡೆಯುತ್ತವೆ. ಅವುಗಳ ಎಂಜಿನು ಸಾಮಾನ್ಯವಾಗಿ 50ರಿಂದ 90 ಘನ ಸೆಂಟಿಮೀಟರಿನದು. ಬಹುಮಟ್ಟಿಗೆ ಅವುಗಳ ಚಾಲನಕ್ರಮ ನಮ್ಮ ಗೇರಿಲ್ಲದ ಸ್ಕೂಟರಿನದೇ. ಪಂದ್ಯದಲ್ಲಿ ಎಂಜಿನಿನ ಶಕ್ತಿ ಸ್ವಲ್ಪವೂ ವ್ಯರ್ಥವಾಗಬಾರದಾದುದರಿಂದ ಆ ಬಂಡಿಯನ್ನು ಹದಗೊಳಿಸುವವರು ಈ ಯಂತ್ರದ ಒಂದೊಂದು ಅಂಗವನ್ನೂ ತೂಗಿ ನೋಡುತ್ತಾರೆ. ದೈನಂದಿನ ಬಳಕೆಯಲ್ಲಿ ಮರೆಯಾಗಿರುವ ತತ್ತ್ವಗಳು ಅಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತವೆ. ಅಲ್ಲದೆ, ಆ ಬಂಡಿಯ ಮೇಲೆ ಕುಳಿತಿರುವವನು ಎಂಟು ಹತ್ತು ವರ್ಷದ ಹುಡುಗನೆಂಬುದರಿಂದ, ಹದವೆಂದರೆ ಏನು, ಅದು ಯಾರಿಗಾಗಿ ಎಂಬ ಪ್ರಶ್ನೆಗೆ ತೂಕ ಬರುತ್ತದೆ.

2. ಪೂರ್ವವೃತ್ತಾಂತ

ಬೆಲ್ಟಿನಿಂದ ಶಕ್ತಿಯನ್ನು ಒಯ್ಯುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಹಿಟ್ಟಿನ ಗಿರಣಿಯಲ್ಲಿ ಎಂಜಿನಿನಿಂದ ಬೀಸುವ ಕಲ್ಲಿಗೆ ಹೋಗುವ ಉದ್ದನೆಯ ಚಪ್ಪಟೆ ಪಟ್ಟಾವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಚಿಕ್ಕಂದಿನಿಂದಲೇ ಕಂಡವರು. ಪಟ್ಟಾ ಜಾರತೊಡಗಿದರೆ ಗಿರಣಿಯವನು ಅದಕ್ಕೆ ರಾಳವನ್ನು ಹಚ್ಚುವುದನ್ನೂ ಕಂಡಿರಬಹುದು. ಅಲ್ಲಿ ಎರಡು ಗಾಲಿಗಳ ಅಳತೆ ನಿಶ್ಚಿತವಾದುದರಿಂದ ವೇಗಗಳ ಪ್ರಮಾಣವೂ ನಿಶ್ಚಿತ. ಪ್ರಮಾಣವನ್ನು ಬದಲಿಸಬೇಕಾದರೆ ಗಾಲಿಯನ್ನೇ ಬದಲಿಸಬೇಕು.

ಚಲಿಸುತ್ತಿರುವಾಗಲೇ ಪ್ರಮಾಣವು ತಾನಾಗಿ ಬದಲಾಗುವಂತೆ ಮಾಡಿ, ಅದನ್ನು ಜನಸಾಮಾನ್ಯರ ಮೋಟಾರಿನಲ್ಲಿ ಅಳವಡಿಸಿದ ಕೀರ್ತಿ ಹಾಲೆಂಡಿನ ಹೂಬ್ ವಾನ್ ಡೋರ್ನೆ ಎಂಬವರಿಗೆ ಸಲ್ಲಬೇಕು. 1958ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಕಾಣಿಸಿಕೊಂಡ ಡಾಫ್ 600 ಎಂಬ ಚಿಕ್ಕ ಕಾರಿನಲ್ಲಿ ‘ವೇರಿಯೊಮ್ಯಾಟಿಕ್’ ಎಂಬ ರಬ್ಬರು ಬೆಲ್ಟಿನ ಚಾಲನೆಯಿತ್ತು. ಅದರಲ್ಲಿ ಗೇರುಪೆಟ್ಟಿಗೆಯ ಹಲ್ಲುಗಾಲಿಗಳ ಸಾಲು ಇರಲಿಲ್ಲವಾದುದರಿಂದ, ಆ ಕಾರು ಮುಂದಕ್ಕೆ ಹೋಗುವಷ್ಟೇ ವೇಗದಿಂದ ಹಿಂದಕ್ಕೂ ಹೋಗಬಲ್ಲದಾಗಿತ್ತು. ಅದೇ ತತ್ತ್ವವು ಮುಂದೆ ಹಿಮದ ಮೇಲೆ ಓಡುವ ಬಂಡಿಗಳಲ್ಲಿಯೂ ಸ್ಕೂಟರುಗಳಲ್ಲಿಯೂ ಹರಡಿತು. ಭಾರತದಲ್ಲಿ 1980ರ ದಶಕದಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರು ಇದನ್ನು ಬಹುಜನರಿಗೆ ಪರಿಚಯಿಸಿತು. ಇಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೇ ಗೇರಿಲ್ಲದ ಸ್ಕೂಟರುಗಳು ತಯಾರಾಗುತ್ತಿವೆ. ಹೋಂಡಾ ಕಂಪನಿಯ ಆ ಕಾರ್ಖಾನೆ 2013ರಲ್ಲಿ ಆರಂಭವಾಯಿತು.

ಪಂದ್ಯಕ್ಕೆ ಈ ಚಾಲನೆ ಎಷ್ಟು ಅನುಕೂಲವೆಂಬುದಕ್ಕೆ ಒಂದು ನಿದರ್ಶನ ಸಾಕು. 1993ರಲ್ಲಿ ವಿಲಿಯಮ್ಸ್ ತಂಡವು ತನ್ನ ಫಾರ್ಮುಲಾ ಒನ್ ಕಾರಿನಲ್ಲಿ ಬೆಲ್ಟಿನ ವೇಗಪರಿವರ್ತಕವನ್ನು ಅಳವಡಿಸಿ ಪರೀಕ್ಷಿಸಿತು. ಅದು ಪಂದ್ಯಕ್ಕೆ ಇಳಿಯುವ ಮೊದಲೇ, 1994ರ ನಿಯಮಗಳು ಅಂಥ ಚಾಲನೆಯನ್ನು ನಿಷೇಧಿಸಿದುವು. ನಮ್ಮ ದೇಶದಲ್ಲಿ 2007ರಿಂದ ನಡೆಯುತ್ತಿರುವ ಬಾಹಾ ಎಸ್.ಎ.ಇ. ಇಂಡಿಯಾ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ಕಟ್ಟಿದ ಒಂಟಿ ಆಸನದ ಬಂಡಿಗಳನ್ನು ಓಡಿಸುತ್ತಾರೆ; ಅವುಗಳಲ್ಲಿ ಬಹಳಷ್ಟು ಬಂಡಿಗಳದು ಇದೇ ಬೆಲ್ಟು ಚಾಲನೆ. ಆದುದರಿಂದ ಈ ವಿಷಯ ನಮ್ಮ ಕಾಲೇಜುಗಳಿಗೆ ದೂರದ್ದಲ್ಲ.

3. ಯಂತ್ರದ ರಚನೆ

ಬೆಲ್ಟು ಎರಡು ರಾಟೆಗಳ ಮೇಲೆ ಹಾದುಹೋಗುತ್ತದೆ. ಮುಂದಿನ ರಾಟೆ ಎಂಜಿನಿನ ಅಚ್ಚಿನ ಮೇಲಿದೆ. ಹಿಂದಿನದು ಚಕ್ರದ ಕಡೆಗಿದೆ. ಪ್ರತಿಯೊಂದು ರಾಟೆಯೂ ಎರಡು ಶಂಕುವಿನಾಕಾರದ ತಟ್ಟೆಗಳಿಂದಾಗಿದೆ. ಒಂದು ಸ್ಥಿರ, ಇನ್ನೊಂದು ಅಚ್ಚಿನುದ್ದಕ್ಕೆ ಸರಿಯಬಲ್ಲದು. ಬೆಲ್ಟಿನ ಅಡ್ಡಕೊಯ್ತವು ಬೆಣೆಯಂತಿದ್ದು, ಈ ಎರಡು ತಟ್ಟೆಗಳ ನಡುವಿನ ಸಂದಿಯಲ್ಲಿ ಕೂಡುತ್ತದೆ. ತಟ್ಟೆಗಳು ದೂರವಿದ್ದರೆ ಬೆಲ್ಟು ಅಚ್ಚಿನ ಹತ್ತಿರಕ್ಕೆ ಇಳಿಯುತ್ತದೆ. ಹತ್ತಿರಕ್ಕೆ ಬಂದರೆ ಅಂಚಿನ ಕಡೆಗೆ ಏರುತ್ತದೆ.

ಇದರ ಫಲವನ್ನು ತಿಳಿಯಲು ಜೋಳದ ಕಣವನ್ನು ನೆನೆಯಬಹುದು. ಹಂತಿಯಲ್ಲಿ ಮೇಟಿಯ ಹತ್ತಿರವಿರುವ ಎತ್ತೂ ಹೊರಗಡೆಯ ಎತ್ತೂ ಒಂದೇ ಹೊತ್ತಿನಲ್ಲಿ ಒಂದು ಸುತ್ತು ಮುಗಿಸುತ್ತವೆ. ಆದರೆ ಹೊರಗಡೆಯ ಎತ್ತು ನಡೆದ ದಾರಿ ಬಹಳ ಹೆಚ್ಚು. ಹಾಗೆಯೇ, ಮುಂದಿನ ರಾಟೆ ಒಂದು ಸುತ್ತು ತಿರುಗಿದಾಗ, ಬೆಲ್ಟು ಅಚ್ಚಿನ ಹತ್ತಿರವಿದ್ದರೆ ಸ್ವಲ್ಪ ದೂರ, ಅಂಚಿನಲ್ಲಿದ್ದರೆ ಬಹಳ ದೂರ ಚಲಿಸುತ್ತದೆ. ಬೆಲ್ಟಿನ ಉದ್ದ ನಿಶ್ಚಿತವಾದುದರಿಂದ, ಅದು ಮುಂದೆ ಏರಿದಷ್ಟಕ್ಕೂ ಹಿಂದೆ ಇಳಿಯಲೇಬೇಕು. ಹೀಗೆ ಪ್ರಮಾಣವು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಲ್ಲಿಯೂ ತಡೆಯಿಲ್ಲದೆ ಬದಲಾಗುತ್ತದೆ. ಚಿಕ್ಕ ಬಂಡಿಗಳಲ್ಲಿ ಹೊರಡುವಾಗ ಎಂಜಿನು ಸುಮಾರು ಎರಡೂವರೆ ಸುತ್ತು ತಿರುಗಿದರೆ ಹಿಂದಿನ ರಾಟೆ ಒಂದು ಸುತ್ತು ತಿರುಗುತ್ತದೆ. ಪೂರ್ಣವೇಗದಲ್ಲಿ ಎಂಜಿನಿನ 0.8 ಸುತ್ತಿಗೇ ಅದು ಒಂದು ಸುತ್ತನ್ನು ಮುಗಿಸುತ್ತದೆ.

ತಟ್ಟೆಗಳನ್ನು ಸರಿಸುವವರಾರು? ಮುಂದಿನ ರಾಟೆಯ ಸರಿಯುವ ತಟ್ಟೆಯ ಬೆನ್ನಿನಲ್ಲಿ ಇಳಿಜಾರಾದ ಗುಳಿಗಳಿವೆ. ಅವುಗಳಲ್ಲಿ ಸಾಮಾನ್ಯವಾಗಿ ಆರು ರೋಲರುಗಳು ಕುಳಿತಿರುತ್ತವೆ. ಹಕ್ಕಿಯನ್ನೋಡಿಸುವ ಕವಣೆಯ ಕಲ್ಲು ತಿರುಗಿಸಿದಷ್ಟೂ ಹೊರಕ್ಕೆ ಎಳೆಯುವಂತೆ, ಎಂಜಿನು ವೇಗವಾಗಿ ತಿರುಗಿದಷ್ಟೂ ರೋಲರುಗಳು ಹೊರಕ್ಕೆ ಸರಿಯಲು ಯತ್ನಿಸುತ್ತವೆ. ಇಳಿಜಾರಿನ ಮೇಲೆ ಹೊರಕ್ಕೆ ಸರಿಯುತ್ತಾ ಅವು ತಟ್ಟೆಯನ್ನು ಬೆಲ್ಟಿನ ಕಡೆಗೆ ನೂಕುತ್ತವೆ.

ಹಿಂದಿನ ರಾಟೆಯಲ್ಲಿ ಒಂದು ದೊಡ್ಡ ಸ್ಪ್ರಿಂಗು ತಟ್ಟೆಗಳನ್ನು ಒತ್ತಿ ಹಿಡಿದಿದೆ. ಬೆಲ್ಟು ಹಿಂದೆ ಇಳಿಯಬೇಕಾದರೆ ಈ ಸ್ಪ್ರಿಂಗನ್ನು ಮಣಿಸಬೇಕು. ಅದರ ಜೊತೆಗೆ ಓರೆಯಾಗಿ ಕೊರೆದ ಕಾಲುವೆಯೂ ಅದರಲ್ಲಿ ಓಡಾಡುವ ಮೊಳೆಯೂ ಇವೆ; ಮೆಕ್ಯಾನಿಕ್ಕುಗಳು ಇದನ್ನು ಟಾರ್ಕ್ ಕ್ಯಾಮು ಎನ್ನುತ್ತಾರೆ. ದಿಬ್ಬವೇರುವಾಗ ಚಕ್ರದ ಪ್ರತಿರೋಧ ಹೆಚ್ಚಿದರೆ ತಟ್ಟೆಗಳು ಒಂದಕ್ಕೊಂದು ಸ್ವಲ್ಪ ತಿರುಚಿಕೊಳ್ಳುತ್ತವೆ. ಓರೆಯ ಕಾಲುವೆಯ ದೆಸೆಯಿಂದ ಆ ತಿರುಚು ಒತ್ತಡವಾಗಿ ಮಾರ್ಪಟ್ಟು, ಬೆಲ್ಟನ್ನು ಹಿಂದಿನ ರಾಟೆಯಲ್ಲಿ ಮೇಲಕ್ಕೆ ನೂಕುತ್ತದೆ. ಚಾಲಕನು ಏನನ್ನೂ ಮಾಡದೆಯೇ ಬಂಡಿ ಕೆಳಗಿನ ಗೇರಿಗೆ ಇಳಿದಂತಾಗುತ್ತದೆ. ಕೊನೆಯದಾಗಿ, ಹಿಂದಿನ ರಾಟೆಗೂ ಚಕ್ರಕ್ಕೂ ನಡುವೆ ಕೇಂದ್ರಾಪಗಾಮಿ ಕ್ಲಚ್ಚು ಇದೆ. ಅದರ ಬಿರಿಪಟ್ಟಿಗಳನ್ನು ಚಿಕ್ಕ ಸ್ಪ್ರಿಂಗುಗಳು ಒಳಕ್ಕೆ ಎಳೆದು ಹಿಡಿದಿರುತ್ತವೆ. ಒಂದು ನಿಶ್ಚಿತ ವೇಗ ಬಂದಾಗ ಅವು ಹೊರಚಾಚಿ ಸುತ್ತಲಿನ ಬಟ್ಟಲನ್ನು ಹಿಡಿದುಕೊಳ್ಳುತ್ತವೆ. ಆಗಲೇ ಬಂಡಿ ಹೊರಡುವುದು.

4. ಬಲಗಳ ಸಮತೋಲ

ಮೇಲಿನ ವರ್ಣನೆಯಿಂದ ಒಂದು ಮಾತು ಸಿದ್ಧವಾಗುತ್ತದೆ: ಈ ಯಂತ್ರವು ಎರಡು ಬಲಗಳ ಜಗಳ. ಮುಂದೆ ರೋಲರುಗಳು ಪ್ರಮಾಣವನ್ನು ಏರಿಸಲು ನೂಕುತ್ತವೆ. ಹಿಂದೆ ಸ್ಪ್ರಿಂಗು ಮತ್ತು ಟಾರ್ಕ್ ಕ್ಯಾಮು ಅದನ್ನು ತಡೆಯುತ್ತವೆ. ಬೆಲ್ಟು ಇವೆರಡರ ನಡುವಿನ ತಕ್ಕಡಿ. ಹದಗೊಳಿಸುವುದೆಂದರೆ ಈ ತಕ್ಕಡಿ ಎಂಜಿನಿನ ಯಾವ ವೇಗದಲ್ಲಿ ಸಮನಾಗಬೇಕೆಂಬುದನ್ನು ಗೊತ್ತುಮಾಡುವುದು.

ರೋಲರಿನ ಬಲವು ಅದರ ರಾಶಿ, ಅಚ್ಚಿನಿಂದ ಅದರ ದೂರ, ಹಾಗೂ ಕೋನವೇಗದ ವರ್ಗ, ಈ ಮೂರರ ಗುಣಲಬ್ಧ. ಆರು ಗ್ರಾಮಿನ ಒಂದು ರೋಲರು ಅಚ್ಚಿನಿಂದ 20 ಮಿಲಿಮೀಟರು ದೂರದಲ್ಲಿ ನಿಮಿಷಕ್ಕೆ 7,500 ಸುತ್ತು ತಿರುಗುತ್ತಿದೆಯೆಂದು ಭಾವಿಸೋಣ. ಲೆಕ್ಕ ಹಾಕಿದರೆ ಅದರ ಹೊರಮುಖ ಬಲವು ಸುಮಾರು 74 ನ್ಯೂಟನ್ ಆಗುತ್ತದೆ. ಅಂದರೆ ಅದರ ಸ್ವಂತ ತೂಕದ ಸುಮಾರು 1,250 ಪಟ್ಟು. ಆರು ರೋಲರುಗಳೂ ಸೇರಿ 45 ಕಿಲೋಗ್ರಾಮು ತೂಕದಷ್ಟು ಬಲದಿಂದ ಹೊರಕ್ಕೆ ಒತ್ತುತ್ತವೆ. ಅಂಗೈಯಲ್ಲಿ ಹಿಡಿದರೆ ಭಾರವೇ ತಿಳಿಯದ ಈ ಚೂರುಗಳು ಬಂಡಿಯನ್ನು ಆಳುವುದು ಹೀಗೆ.

ಬಲವು ವೇಗದ ವರ್ಗವನ್ನು ಅನುಸರಿಸುವುದರಿಂದ ಒಂದು ಉಪಯುಕ್ತ ಸೂತ್ರ ದೊರೆಯುತ್ತದೆ. ತಕ್ಕಡಿ ಸಮನಾಗುವ ಬಲ ಅದೇ ಆಗಿದ್ದರೆ, ಬೇಕಾದ ರೋಲರಿನ ತೂಕವು ಎಂಜಿನ್ ವೇಗದ ವರ್ಗಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ. ಒಂದು ಬಂಡಿಯಲ್ಲಿ 6.5 ಗ್ರಾಮಿನ ರೋಲರುಗಳಿದ್ದು, ಪೂರ್ಣ ಥ್ರಾಟಲಿನಲ್ಲಿ ಎಂಜಿನು ನಿಮಿಷಕ್ಕೆ 7,000 ಸುತ್ತಿನಲ್ಲಿ ನಿಲ್ಲುತ್ತಿದೆಯೆನ್ನೋಣ. ಆದರೆ ಅದರ ಶಕ್ತಿ ಅತ್ಯಧಿಕವಾಗುವುದು 7,500ರಲ್ಲಿ. ಆಗ ಬೇಕಾದ ತೂಕ 6.5ನ್ನು 7,000/7,500ರ ವರ್ಗದಿಂದ ಗುಣಿಸಿದಷ್ಟು, ಅಂದರೆ ಸುಮಾರು 5.7 ಗ್ರಾಮು. ಅಂಥದು ಅಂಗಡಿಯಲ್ಲಿ ದೊರೆಯದಿದ್ದರೆ 5.5 ಗ್ರಾಮಿನ ಮೂರು ಮತ್ತು 6 ಗ್ರಾಮಿನ ಮೂರು ರೋಲರುಗಳನ್ನು ಒಂದು ಬಿಟ್ಟೊಂದರಂತೆ ಕೂಡಿಸಬಹುದು. ಸರಾಸರಿ 5.75 ಗ್ರಾಮಾಗಿ, ಎಂಜಿನು ಸುಮಾರು 7,440ರಲ್ಲಿ ನಿಲ್ಲಬೇಕು. ತೂಕಗಳನ್ನು ಒಂದೇ ಮಗ್ಗುಲಿಗೆ ಕೂಡಿಸಿದರೆ ರಾಟೆಯ ಸಮತೋಲ ಕೆಟ್ಟು ನಡುಕ ಹುಟ್ಟುತ್ತದೆ.

ಇಲ್ಲಿ ಬಹುಜನರಲ್ಲಿರುವ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. ಹಗುರವಾದ ರೋಲರು ಹಾಕಿದರೆ ಬಂಡಿಯ ಗರಿಷ್ಠ ವೇಗ ಹೆಚ್ಚುತ್ತದೆಂದು ಕೆಲವರೂ, ಭಾರವಾದುದನ್ನು ಹಾಕಿದರೆ ಹೆಚ್ಚುತ್ತದೆಂದು ಮತ್ತೆ ಕೆಲವರೂ ನಂಬಿರುತ್ತಾರೆ. ಎರಡೂ ಸರಿಯಲ್ಲ. ಪ್ರಮಾಣದ ಎರಡು ಕೊನೆಗಳನ್ನು ಗೊತ್ತುಮಾಡುವುದು ರಾಟೆಗಳ ಮತ್ತು ಬೆಲ್ಟಿನ ಅಳತೆ. ರೋಲರು ಗೊತ್ತುಮಾಡುವುದು ಆ ಕೊನೆಗಳ ನಡುವೆ ಎಂಜಿನು ಯಾವ ವೇಗದಲ್ಲಿ ತಿರುಗಬೇಕೆಂಬುದನ್ನು ಮಾತ್ರ. ಒಂದು ಉದಾಹರಣೆಯಿಂದ ಇದು ವಿಶದವಾಗುತ್ತದೆ. ಹಿಂದಿನ ರಾಟೆಯಿಂದ ಚಕ್ರಕ್ಕೆ 12ಕ್ಕೆ 1ರ ಇಳಿತವಿದ್ದು, ಚಕ್ರದ ತ್ರಿಜ್ಯ 20 ಸೆಂಟಿಮೀಟರು ಇದೆಯೆನ್ನೋಣ. ಎಂಜಿನು 7,500ರಲ್ಲಿ ನಿಂತಿರುವಾಗ ಪ್ರಮಾಣ 2.5 ಇದ್ದರೆ ಬಂಡಿಯ ವೇಗ ಗಂಟೆಗೆ ಸುಮಾರು 19 ಕಿಲೋಮೀಟರು, 0.8 ಇದ್ದರೆ ಸುಮಾರು 59. ಹದವಾದ ಬಂಡಿಯಲ್ಲಿ 19ರಿಂದ 59ರ ವರೆಗೂ ಎಂಜಿನು ತನ್ನ ಅತ್ಯಧಿಕ ಶಕ್ತಿಯ ವೇಗವನ್ನು ಬಿಟ್ಟು ಅಲುಗುವುದಿಲ್ಲ. ರೋಲರು ಭಾರವಾದರೆ ಬೆಲ್ಟು ಬೇಗನೆ ಏರಿ, ಎಂಜಿನು ಶಕ್ತಿಯಿಲ್ಲದ ವೇಗದಲ್ಲಿ ಏದುಸಿರುಬಿಡುತ್ತದೆ. ಅತಿ ಹಗುರವಾದರೆ ಎಂಜಿನು ಅರಚುತ್ತದೆ. ಬೆಲ್ಟು ಅಂಚಿನವರೆಗೆ ಏರದೆಯೇ ಉಳಿಯಬಹುದು. ದೇವಣಗಾಂವದ ಸೇತುವೆಯ ಬಳಿ ಕೇಳಿದ ಏರದ ಸ್ವರದ ಗುಟ್ಟು ಇದೇ.

5. ಹದಗೊಳಿಸುವ ಕ್ರಮ

ಹದಗೊಳಿಸುವುದರಲ್ಲಿ ಕ್ರಮವೇ ಮುಖ್ಯ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು; ಬದಲಿಸಿದುದನ್ನೂ ಕಂಡುದನ್ನೂ ಬರೆದಿಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಫಲ ಯಾವುದರಿಂದ ಬಂದಿತೆಂಬುದು ಎಂದಿಗೂ ತಿಳಿಯದು.

ಮೊದಲನೆಯದು ಎಂಜಿನು. ಕಾರ್ಬ್ಯುರೇಟರು, ಸೈಲೆನ್ಸರು, ಸ್ಪಾರ್ಕ್ ಪ್ಲಗ್ಗುಗಳು ಸರಿಯಾಗಿಲ್ಲದೆ ರೋಲರಿಗೆ ಕೈಹಾಕಬಾರದು. ಶಕ್ತಿಯ ಶಿಖರ ಎಲ್ಲಿದೆಯೆಂದು ತಿಳಿಯದೆ ಬೆಲ್ಟನ್ನು ಎಲ್ಲಿ ನಿಲ್ಲಿಸಬೇಕು? ಎಂಜಿನಿನ ಸುತ್ತುಗಳನ್ನು ಎಣಿಸುವ ಟ್ಯಾಕೊಮೀಟರು ಅವಶ್ಯ. ಕಿವಿಯೊಂದನ್ನೇ ನಂಬಿದರೆ ಐದುನೂರು ಸುತ್ತುಗಳ ವ್ಯತ್ಯಾಸ ತಪ್ಪಿಹೋಗುವ ಸಂಭವವಿದೆ.

ಎರಡನೆಯದು ಶುದ್ಧಿ ಮತ್ತು ಸವೆತದ ಪರೀಕ್ಷೆ. ತಟ್ಟೆಗಳ ಮೇಲೆ ಎಣ್ಣೆಯಾಗಲಿ ಗ್ರೀಸಾಗಲಿ ಇರಕೂಡದು. ರೋಲರುಗಳನ್ನು ನೆಲದ ಮೇಲೆ ಉರುಳಿಸಿ ನೋಡಬೇಕು. ಒಂದು ಮಗ್ಗುಲು ಚಪ್ಪಟೆಯಾದ ರೋಲರು ಉರುಳದೆ ಜಾರುತ್ತದೆ, ತಡೆದು ತಡೆದು ಸರಿಯುತ್ತದೆ. ಬೆಲ್ಟಿನ ಅಗಲವನ್ನು ಅಳೆದು ತಯಾರಕರು ಹೇಳಿದ ಕನಿಷ್ಠ ಅಳತೆಯೊಡನೆ ಹೋಲಿಸಬೇಕು. ಸವೆದು ಕಿರಿದಾದ ಬೆಲ್ಟು ಅದೇ ಸಂದಿಯಲ್ಲಿ ಹೆಚ್ಚು ಕೆಳಗೆ ಕುಳಿತುಕೊಳ್ಳುವುದರಿಂದ ಮುಂದಿನ ರಾಟೆಯ ಅಂಚನ್ನು ಮುಟ್ಟಲಾರದು. ಗರಿಷ್ಠ ವೇಗ ತಗ್ಗಿದ ಬಂಡಿಗೆ ಹೊಸ ರೋಲರು ಹಾಕುವ ಮೊದಲು ಹಳೆಯ ಬೆಲ್ಟನ್ನು ಅಳೆಯುವುದು ವಿವೇಕ.

ಮೂರನೆಯದು ರೋಲರು. ಮೇಲೆ ಹೇಳಿದ ಸೂತ್ರದಿಂದ ಒಂದು ಅಂದಾಜು ತೂಕವನ್ನು ಆರಿಸಿ, ಬೆಲ್ಟು ಬೆಚ್ಚಗಾಗುವವರೆಗೆ ಓಡಿಸಿ, ಬಳಿಕ ಪೂರ್ಣ ಥ್ರಾಟಲಿನಲ್ಲಿ ಎಂಜಿನ್ ವೇಗವನ್ನು ನೋಡಬೇಕು. ತಣ್ಣನೆಯ ಬೆಲ್ಟಿನಲ್ಲಿ ಕಂಡ ಅಂಕೆ ಪಂದ್ಯದ ನಡುವೆ ನಿಲ್ಲುವುದಿಲ್ಲ. ಬೆಲ್ಟು ಅಂಚಿನವರೆಗೆ ಏರುತ್ತದೆಯೇ ಎಂಬುದನ್ನು ತಿಳಿಯಲು ಒಂದು ಸುಲಭೋಪಾಯವಿದೆ. ಮುಂದಿನ ರಾಟೆಯ ತಟ್ಟೆಯ ಮೇಲೆ ಅಚ್ಚಿನಿಂದ ಅಂಚಿನವರೆಗೆ ಶಾಯಿಯ ಪೆನ್ನಿನಿಂದ ಒಂದು ಗೆರೆಯನ್ನೆಳೆದು, ಬಂಡಿಯನ್ನು ಪೂರ್ಣವೇಗದಲ್ಲಿ ಓಡಿಸಿ, ಮತ್ತೆ ಬಿಚ್ಚಿ ನೋಡಬೇಕು. ಬೆಲ್ಟು ಎಲ್ಲಿಯವರೆಗೆ ಏರಿತೋ ಅಲ್ಲಿಯವರೆಗೆ ಗೆರೆ ಅಳಿಸಿಹೋಗಿರುತ್ತದೆ.

ನಾಲ್ಕನೆಯದು ಹಿಂದಿನ ಸ್ಪ್ರಿಂಗು. ಗಡುಸಾದ ಸ್ಪ್ರಿಂಗಿನಿಂದ ಬೆಲ್ಟು ಜಾರುವುದು ತಗ್ಗುತ್ತದೆ. ತಿರುವಿನಲ್ಲಿ ವೇಗವಿಳಿದು ಮತ್ತೆ ಥ್ರಾಟಲು ಕೊಟ್ಟಾಗ ಬಂಡಿ ಚುರುಕಾಗಿ ಮೇಲೇಳುತ್ತದೆ. ಹಾಗೆಂದು ಅದು ಗಡುಸಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಅವಶ್ಯಕ್ಕಿಂತ ಹೆಚ್ಚಾದ ಒತ್ತಡ ಬೆಲ್ಟನ್ನು ಕಾಯಿಸುತ್ತದೆ, ಸವೆಸುತ್ತದೆ, ಎಂಜಿನಿನ ಶಕ್ತಿಯ ಒಂದು ಪಾಲನ್ನು ನುಂಗುತ್ತದೆ. ಬೆಲ್ಟು ಜಾರದಷ್ಟು ಗಡುಸು ಸಾಕು. ಸ್ಪ್ರಿಂಗನ್ನು ಬದಲಿಸಿದರೆ ತಕ್ಕಡಿಯ ಒಂದು ತಟ್ಟೆ ಬದಲಾದಂತೆಯೇ ಆದುದರಿಂದ, ರೋಲರಿನ ತೂಕವನ್ನು ಮತ್ತೆ ಪರೀಕ್ಷಿಸಬೇಕು.

ಐದನೆಯದು ಕ್ಲಚ್ಚಿನ ಚಿಕ್ಕ ಸ್ಪ್ರಿಂಗುಗಳು. ಇವು ಗಡುಸಾದಷ್ಟೂ ಕ್ಲಚ್ಚು ಹೆಚ್ಚು ವೇಗದಲ್ಲಿ ಹಿಡಿಯುತ್ತದೆ. ಆದುದರಿಂದ ಹೊರಡುವ ಕ್ಷಣದಲ್ಲಿಯೇ ಎಂಜಿನಿನ ಬಲ ಹೆಚ್ಚಾಗಿ ದೊರೆಯುತ್ತದೆ. ಪಂದ್ಯದ ಆರಂಭಕ್ಕೆ ಇದು ಲಾಭ. ಆದರೆ ಬಂಡಿ ಮೆಲ್ಲನೆ ಹೊರಡುವ ಬದಲು ಜಗ್ಗಿದಂತೆ ನೆಗೆಯುತ್ತದೆ. ಇದರ ವಿಚಾರವನ್ನು ಮುಂದೆ ಹೇಳುವೆವು.

ಆರನೆಯದು ಚೈನಿನ ಹಲ್ಲುಗಾಲಿ. ಮೈದಾನ ಚಿಕ್ಕದಾಗಿ ತಿರುವುಗಳು ಹೆಚ್ಚಾಗಿದ್ದರೆ ಹಿಂದಿನ ಹಲ್ಲುಗಾಲಿ ದೊಡ್ಡದಾಗಬೇಕು. ನೀಳವಾದ ದಾರಿಯಿದ್ದರೆ ಚಿಕ್ಕದಾಗಬೇಕು. ಗರಿಷ್ಠ ವೇಗವನ್ನು ನಿಜವಾಗಿ ಬದಲಿಸುವ ಅಂಗ ಇದೇ.

6. ಧೂಳು ಮತ್ತು ಕಾವು

ಪುಸ್ತಕದ ಲೆಕ್ಕಕ್ಕೂ ನೆಲದ ಮೇಲಿನ ಅನುಭವಕ್ಕೂ ಅಂತರ ಬೀಳುವುದು ಘರ್ಷಣೆಯಲ್ಲಿ. ಬೆಲ್ಟು ಜಾರದೆ ಎಳೆಯಬಲ್ಲ ಬಿಗಿ ಮತ್ತು ಸಡಿಲ ಮಗ್ಗುಲುಗಳ ಎಳೆತದ ಪ್ರಮಾಣವನ್ನು ಆಯ್ಲರನ ಸೂತ್ರ ತಿಳಿಸುತ್ತದೆ. ಘರ್ಷಣಾಂಕ 0.3 ಇದ್ದು ಚಪ್ಪಟೆ ಪಟ್ಟಾ ಗಾಲಿಯನ್ನು ಅರ್ಧಸುತ್ತು ಬಳಸಿದ್ದರೆ ಈ ಪ್ರಮಾಣ ಸುಮಾರು 2.6 ಮಾತ್ರ. ಬೆಣೆಯಾಕಾರದ ಬೆಲ್ಟಿನಲ್ಲಿ ಎರಡು ಮಗ್ಗುಲುಗಳ ಕೋನ 30 ಅಂಶವಿದ್ದರೆ, ಬೆಣೆಯ ಒತ್ತಡದಿಂದ ಘರ್ಷಣೆ ಸುಮಾರು ನಾಲ್ಕು ಪಟ್ಟು ಹೆಚ್ಚಿದಂತಾಗಿ ಪ್ರಮಾಣ 38ಕ್ಕೆ ಏರುತ್ತದೆ. ಇಷ್ಟು ಚಿಕ್ಕ ಬೆಲ್ಟು ಅಷ್ಟು ಭಾರವನ್ನು ಎಳೆಯುವ ರಹಸ್ಯ ಇದು. ಆದರೆ ಹೊರಡುವಾಗ ಬೆಲ್ಟು ಮುಂದಿನ ರಾಟೆಯನ್ನು ಅರ್ಧಸುತ್ತಿಗಿಂತ ಕಡಿಮೆ ಬಳಸಿರುತ್ತದೆ. ಬಳಸಿದ ಕೋನ 150 ಅಂಶವಾದರೆ ಪ್ರಮಾಣ ಸುಮಾರು 21ಕ್ಕೆ ಇಳಿಯುತ್ತದೆ. ಆಗಲೇ ನುಣುಪಾದ ಧೂಳಿನಿಂದಲೋ ಎಣ್ಣೆಯಿಂದಲೋ ಘರ್ಷಣಾಂಕ ಅರ್ಧವಾದರೆ ಅದು 4.6ಕ್ಕೆ ಕುಸಿಯುತ್ತದೆ. ಬೆಲ್ಟು ಹೆಚ್ಚಾಗಿ ಸುಡುವುದು ಓಟದ ನಡುವೆ ಅಲ್ಲ, ಭಾರ ಹೊತ್ತು ಹೊರಡುವಾಗ ಎಂಬುದಕ್ಕೆ ಕಾರಣ ಇಲ್ಲಿದೆ.

ಭೀಮಾತೀರದ ಎರೆಮಣ್ಣು ಬೇಸಗೆಯಲ್ಲಿ ಹಿಟ್ಟಿನಂಥ ಧೂಳಾಗುತ್ತದೆ. ಮಳೆಗಾಲದಲ್ಲಿ ಅಂಟಾಗಿ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಮೊದಲನೆಯದು ಬೆಲ್ಟಿನ ಕೋಣೆಯ ಗಾಳಿಯ ಜೊತೆ ಒಳಹೊಕ್ಕು ತಟ್ಟೆಗಳನ್ನು ನುಣುಪಾಗಿಸುತ್ತದೆ. ಎರಡನೆಯದು ಭಾರವನ್ನು ಹೆಚ್ಚಿಸುತ್ತದೆ. ಇದರ ಮೇಲೆ ಕಾವು. ಐದು ಕಿಲೋವಾಟ್ ಶಕ್ತಿಯಲ್ಲಿ ನೂರಕ್ಕೆ ಹದಿನೈದು ಪಾಲು ಬೆಲ್ಟಿನಲ್ಲಿ ವ್ಯಯವಾದರೆ, ಮುಕ್ಕಾಲು ಕಿಲೋವಾಟಿನಷ್ಟು ಶಾಖ ಆ ಚಿಕ್ಕ ಕೋಣೆಯಲ್ಲಿ ಹುಟ್ಟುತ್ತದೆ. ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆಯೊಂದನ್ನು ಒಳಗಿಟ್ಟಂತೆಯೇ ಸರಿ. ವಿಜಯಪುರ ಜಿಲ್ಲೆಯಲ್ಲಿ ಬೇಸಗೆಯ ಉಷ್ಣತೆ 40 ಅಂಶವನ್ನು ಮೀರುವುದು ಸಾಮಾನ್ಯವಾದುದರಿಂದ ಆ ಶಾಖವನ್ನು ಹೊರಹಾಕುವುದೂ ಕಷ್ಟ. 15 ಅಂಶದಿಂದ 42 ಅಂಶಕ್ಕೆ ಏರಿದ ಗಾಳಿ ಸುಮಾರು ನೂರಕ್ಕೆ ಒಂಬತ್ತರಷ್ಟು ತೆಳುವಾಗುವುದರಿಂದ ಎಂಜಿನಿನ ಶಕ್ತಿಯೂ ಸುಮಾರು ಅಷ್ಟೇ ತಗ್ಗುತ್ತದೆ. ತಂಪು ದೇಶದಲ್ಲಿ ಬರೆದ ಹದದ ಅಂಕೆಗಳನ್ನು ಇಲ್ಲಿಗೆ ಹಾಗೆಯೇ ತಂದು ಹಚ್ಚಲಾಗದು. ಗಿರಣಿಯ ಪಟ್ಟಾಕ್ಕೆ ಹಚ್ಚಿದಂತೆ ಇದಕ್ಕೆ ರಾಳ ಹಚ್ಚುವುದೂ ಸಲ್ಲದು. ಇಲ್ಲಿ ಬೆಲ್ಟು ತಟ್ಟೆಯ ಮೇಲೆ ಏರಿಳಿಯಬೇಕಾಗಿದೆ, ಅಂಟಿಕೊಂಡು ಕೂಡಬೇಕಾಗಿಲ್ಲ.

7. ಹದವು ಯಾರಿಗಾಗಿ?

ಇಷ್ಟರವರೆಗೆ ಎಂಜಿನಿನ ಹಿತವನ್ನು ಕುರಿತು ಹೇಳಿದೆವು. ಆದರೆ ಬಂಡಿಯ ಮೇಲಿರುವವನು ಬಾಲಕ. ದೊಡ್ಡವನೊಬ್ಬನ ಬಂಡಿಯಲ್ಲಿ ಗುಣವೆನಿಸುವುದು ಇಲ್ಲಿ ದೋಷವಾಗಬಹುದು. ಬಂಡಿಯ ತೂಕ 100 ಕಿಲೋಗ್ರಾಮು ಇದ್ದು, 25 ಕಿಲೋಗ್ರಾಮಿನ ಹುಡುಗನ ಸ್ಥಾನದಲ್ಲಿ 40 ಕಿಲೋಗ್ರಾಮಿನವನು ಕುಳಿತರೆ ಒಟ್ಟು ಭಾರ ನೂರಕ್ಕೆ ಹನ್ನೆರಡರಷ್ಟು ಹೆಚ್ಚುತ್ತದೆ. ಅಣ್ಣನಿಗಾಗಿ ಹದಗೊಳಿಸಿದ ಬಂಡಿಯ ಮೇಲೆ ತಮ್ಮನನ್ನು ಕೂಡಿಸಿದರೆ ಅದು ಅವನು ಎಣಿಸಿದುದಕ್ಕಿಂತ ಜೋರಾಗಿ ನೆಗೆಯುತ್ತದೆ. ಕ್ಲಚ್ಚು ಹೆಚ್ಚು ವೇಗದಲ್ಲಿ ಹಿಡಿಯುವಂತೆ ಮಾಡಿದ್ದರಂತೂ, ಹೆಬ್ಬೆರಳಿನ ಅಲ್ಪ ಒತ್ತಡಕ್ಕೆ ಏನೂ ಆಗದೆ, ಇನ್ನೂ ಸ್ವಲ್ಪ ಒತ್ತಿದಾಗ ಎಲ್ಲವೂ ಒಮ್ಮೆಲೇ ಆಗುತ್ತದೆ. ಹುಡುಗನಿಗೆ ಬೇಕಾದುದು ಒತ್ತಿದಷ್ಟೇ ಓಡುವ ಬಂಡಿ. ಆದುದರಿಂದ ಬಾಲಕರ ಬಂಡಿಯಲ್ಲಿ ಕ್ಲಚ್ಚಿನ ಸ್ಪ್ರಿಂಗನ್ನು ಮೃದುವಾಗಿಯೇ ಇಟ್ಟು, ಚುರುಕನ್ನು ರೋಲರಿನಿಂದ ಪಡೆಯುವುದು ಮೇಲೆಂದು ನಮ್ಮ ಅಭಿಪ್ರಾಯ. ಆರಂಭದಲ್ಲಿ ಒಂದು ಮಾರು ಹಿಂದೆ ಬಿದ್ದರೂ, ತಿರುವಿನಲ್ಲಿ ಬಂಡಿ ಅವನ ಮಾತನ್ನು ಕೇಳುತ್ತದೆ.

ಅಮೆರಿಕದಲ್ಲಿ ಬಾಲಕರ ಬಂಡಿಗಳಿಗೆ ವಯಸ್ಸಿಗನುಸಾರವಾಗಿ ವೇಗದ ಮೇರೆಯನ್ನು ಗೊತ್ತುಮಾಡಿದ್ದಾರೆ. ಆರು ವರ್ಷ ಮೇಲ್ಪಟ್ಟವರ ಬಂಡಿಗೆ ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿಲೋಮೀಟರು. ಹತ್ತು ವರ್ಷ ಮೇಲ್ಪಟ್ಟವರ ಬಂಡಿಗೆ 30 ಮೈಲಿ, ಅಂದರೆ ಸುಮಾರು 48 ಕಿಲೋಮೀಟರು. ನಮ್ಮ ಉದಾಹರಣೆಯ 59 ಕಿಲೋಮೀಟರು ಈ ಮೇರೆಯನ್ನು ಮೀರಿದ್ದೆಂಬುದನ್ನು ಗಮನಿಸಬೇಕು. ಅದು ಬೇಲಿಯೊಳಗಿನ ಪಂದ್ಯದ ಮೈದಾನಕ್ಕಲ್ಲದೆ ಬೇರೆಲ್ಲಿಗೂ ತಕ್ಕದ್ದಲ್ಲ. ಆ ದೇಶದ ಮಕ್ಕಳ ವೈದ್ಯರ ಸಂಘವಾದರೋ ಹದಿನಾರು ವರ್ಷದೊಳಗಿನವರು ಇಂಥ ಬಂಡಿಗಳನ್ನು ಏರಲೇಬಾರದೆಂದು ಸಲಹೆ ಕೊಟ್ಟಿದೆ. ಈ ಮಾತನ್ನು ಹದಗೊಳಿಸುವವನು ಮರೆಯತಕ್ಕದ್ದಲ್ಲ.

ಈ ಪ್ರಶ್ನೆ ದೂರದೇಶದ್ದೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಗೇರಿಲ್ಲದ ಸ್ಕೂಟರನ್ನು ನಡೆಸಲು ಕಲಿಯಬೇಕಾದುದು ಅತ್ಯಲ್ಪ. ಆದುದರಿಂದಲೇ ಅದು ಬಹುಬೇಗ ಹುಡುಗರ ಕೈಗೆ ಹೋಗುತ್ತದೆ. ಮೋಟಾರು ವಾಹನಗಳ 1988ರ ಕಾನೂನಿನ ಪ್ರಕಾರ 16 ವರ್ಷ ತುಂಬಿದವರು 50 ಘನ ಸೆಂಟಿಮೀಟರಿನ ವರೆಗಿನ ಮೋಟಾರು ಸೈಕಲ್ಲನ್ನು ಮಾತ್ರ ನಡೆಸಬಹುದು. ನಮ್ಮ ರಸ್ತೆಗಳ ಸಾಮಾನ್ಯ ಸ್ಕೂಟರುಗಳು 100 ಘನ ಸೆಂಟಿಮೀಟರನ್ನು ಮೀರಿದವು, ಅವುಗಳಿಗೆ 18 ವರ್ಷ ಆಗಬೇಕು. ಚಿಕ್ಕವರು ಅಪರಾಧವೆಸಗಿದರೆ ಪಾಲಕರಿಗೂ ವಾಹನದ ಒಡೆಯರಿಗೂ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವನ್ನು 2019ರ ತಿದ್ದುಪಡಿ ವಿಧಿಸಿದೆ. ಅಂಥ ಹುಡುಗನು ‘ಪಿಕಪ್ಪು’ ಸಾಲದೆಂದು ರಸ್ತೆಬದಿಯ ಗ್ಯಾರೇಜಿನಲ್ಲಿ ರೋಲರು, ಸ್ಪ್ರಿಂಗುಗಳನ್ನು ಬದಲಿಸಿಕೊಂಡರೆ ಪಂದ್ಯದ ಬಂಡಿಯ ದೋಷವೆಲ್ಲ ಜನರಿರುವ ದಾರಿಗೆ ಬಂದಂತೆಯೇ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸಿದ್ಧಪಡುತ್ತವೆ. ರೋಲರಿನ ತೂಕವು ಎಂಜಿನಿನ ವೇಗವನ್ನು ಆಳುತ್ತದೆ, ಬಂಡಿಯ ಗರಿಷ್ಠ ವೇಗವನ್ನಲ್ಲ. ಬೆಲ್ಟು ಕೆಡುವುದು ಹೆಚ್ಚಾಗಿ ಧೂಳು, ಕಾವು ಮತ್ತು ಹೊರಡುವಾಗಿನ ಭಾರದಿಂದ. ಹದದ ಕೊನೆಯ ಅಳತೆಗೋಲು ಗಡಿಯಾರವಲ್ಲ, ಬಂಡಿಯ ಮೇಲಿರುವವನು.

ಕಾಲೇಜುಗಳ ಅಧ್ಯಾಪಕರಲ್ಲಿ ನಮ್ಮದೊಂದು ಸೂಚನೆ. ಕೇಂದ್ರಾಪಗಾಮಿ ಬಲ, ಬೆಣೆಯ ಘರ್ಷಣೆ, ಸ್ಪ್ರಿಂಗಿನ ನಿಯಮ, ಇಳಿಜಾರಿನ ಮೇಲಿನ ಬಲ, ಈ ನಾಲ್ಕು ಪಾಠಗಳನ್ನೂ ಒಂದೇ ಕಡೆ ತೋರಿಸುವ ಯಂತ್ರ ಪ್ರಯೋಗಶಾಲೆಯ ಕಪಾಟಿನಲ್ಲಿ ಇರಲಿಕ್ಕಿಲ್ಲ. ಆದರೆ ಕಾಲೇಜಿನ ಅಂಗಳದಲ್ಲಿ ಸಾಲಾಗಿ ನಿಂತಿದೆ. ಗುಜರಿಗೆ ಬಿದ್ದ ಸ್ಕೂಟರಿನಿಂದ ಒಂದು ವೇರಿಯೇಟರನ್ನು ತಂದು ಮೇಜಿನ ಮೇಲೆ ಬಿಚ್ಚಿಟ್ಟು, ರೋಲರುಗಳನ್ನು ತೂಗಿ, ತಟ್ಟೆಯ ಕೋನವನ್ನು ಅಳೆದು ಲೆಕ್ಕ ಹಾಕಲು ವಿದ್ಯಾರ್ಥಿಗಳಿಗೆ ಹೇಳಬಹುದು. ಹಾಗೆ ಒಮ್ಮೆ ಬಿಚ್ಚಿ ನೋಡಿದವನು, ಸ್ಪ್ರಿಂಗನ್ನು ಗಡುಸುಮಾಡಿಸಲು ಗ್ಯಾರೇಜಿಗೆ ಹೊರಟ ತಮ್ಮನನ್ನು ತಡೆದು ನಿಲ್ಲಿಸಿ ಕಾರಣವನ್ನು ಹೇಳಬಲ್ಲವನಾದರೆ, ಈ ಲೇಖನದ ಉದ್ದೇಶ ಸಫಲವಾದಂತೆ.